ಬೇಡುವುದೆಲ್ಲ ಮುಗಿದ ಮೇಲೆ

ನಮ್ಮ ಮಲೆನಾಡಿನ ಕಡೆ ದೇವರ ಜೊತೆಗಿನ ವ್ಯವಹಾರ ಬಹುಮಟ್ಟಿಗೆ ಬಾಯಿಬಿಟ್ಟು ಮಾತಾಡಿಕೊಂಡ ವ್ಯವಹಾರವೇ ಆಗಿರುತ್ತದೆ. ಅಡಕೆಗೆ ಕೊಳೆ ಬಾರದಿರಲಿ ಎಂದು ಮಳೆಗಾಲ ಹಿಡಿಯುವ ಮೊದಲೇ ಚೌಡಿ ಬನದಲ್ಲಿ ಕಾಯಿ ಒಡೆಸುತ್ತೇವೆ. ಮೇಯಲು ಹೋದ ದನ ಕತ್ತಲಾದರೂ ಮರಳದಿದ್ದರೆ ಭೂತಪ್ಪನಿಗೆ ಹೇಳಿಕೊಳ್ಳುತ್ತೇವೆ. ಜಮೀನಿನ ತಕರಾರು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡತೊಡಗಿದರೆ ಶರಾವತಿಯ ಹಿನ್ನೀರು ದಾಟಿ ಸಿಗಂದೂರಿನ ಚೌಡೇಶ್ವರಿಯ ಮುಂದೆ ಕೈಮುಗಿದು ನಿಲ್ಲುತ್ತೇವೆ. (2025ರಲ್ಲಿ ಸೇತುವೆ ಆದ ಮೇಲೆ ಆ ದಾಟುವಿಕೆ ಕೆಲವೇ ನಿಮಿಷಗಳ ಮಾತಾಗಿದೆ. ಲಾಂಚಿಗಾಗಿ ಕಾಯುತ್ತಿದ್ದ ಕಾಲದಲ್ಲಿ ಮನಸ್ಸು ತಾನಾಗಿಯೇ ದೇವಿಯ ಕಡೆ ತಿರುಗುತ್ತಿತ್ತು ಎಂದು ಹಿರಿಯರು ಕೆಲವರು ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಆ ಸರದಿಯಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಜಗಳವನ್ನೇ.) ಕೊಡುವುದು ಇಷ್ಟು, ಆಗಬೇಕಾದದ್ದು ಇಷ್ಟು ಎಂಬ ಈ ಲೆಕ್ಕವನ್ನು ಕೀಳಾಗಿ ಕಾಣುವವಳು ನಾನಲ್ಲ. ಹರಕೆ ಹೊತ್ತವರು ತಮಗೆ ಏನು ಬೇಕು ಎಂಬುದನ್ನು ಮುಚ್ಚಿಡುವುದಿಲ್ಲ, ಹೊತ್ತದ್ದನ್ನು ತೀರಿಸದೆ ಬಿಡುವುದೂ ಇಲ್ಲ. ನಿಷ್ಕಾಮ ಭಕ್ತಿಯ ಬಗ್ಗೆ ಉದ್ದುದ್ದ ಮಾತಾಡುವ ಹಲವರಿಗಿಂತ ಅವರೇ ಹೆಚ್ಚು ನೇರ ಜನ ಎಂದು ನನಗೆ ಅನ್ನಿಸುವುದುಂಟು.

ಆದರೆ ಏನನ್ನೂ ಕೇಳದೆ, ಬರಿದೆ ದೇವರು ಹತ್ತಿರವಿರಲಿ ಎಂದು ಬಯಸುವ ಇನ್ನೊಂದು ಹಂಬಲವಿದೆ. ಅದನ್ನು ನಾನು ಮೊದಲು ಕಂಡದ್ದು ನನ್ನ ತಾಯಿಯ ತಾಯಿಯಲ್ಲಿ.

ಅಜ್ಜಿ ಶರಾವತಿ ಕಣಿವೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, 1819 ಅಡಿಯ ಮಟ್ಟದವರೆಗೆ ನೀರು ನಿಲ್ಲುತ್ತದೆ ಎಂದಾದಾಗ, ಗದ್ದೆ ತೋಟಗಳ ಜೊತೆ ಮನೆಯನ್ನೂ ಬಿಟ್ಟು ಶಿವಮೊಗ್ಗದ ಕಡೆಯ ಬಯಲಿಗೆ ಬಂದ ಅನೇಕ ಕುಟುಂಬಗಳಲ್ಲಿ ಅವರದ್ದೂ ಒಂದು. ನಮ್ಮ ಜಿಲ್ಲೆಯಲ್ಲಿ ಇಂದಿಗೂ ‘ಮುಳುಗಡೆಯವರು’ ಎಂದರೆ ಸಾಕು, ಮತ್ತೇನೂ ವಿವರಿಸಬೇಕಿಲ್ಲ. ದೇವರ ಗೂಡಿನಲ್ಲಿದ್ದ ಮನೆದೇವರ ವಿಗ್ರಹಗಳು, ಸಾಲಿಗ್ರಾಮದ ಸಂಪುಟ, ಗಂಟೆ, ದೀಪದ ಕಂಬಗಳೆಲ್ಲ ಪಾತ್ರೆ ಪಡಗಗಳ ಜೊತೆ ಲಾರಿಯಲ್ಲಿ ಬಂದವು. ಹೊಸ ಮನೆಯಲ್ಲಿ ಶಾಸ್ತ್ರೋಕ್ತವಾಗಿ ಪ್ರತಿಷ್ಠೆಯೂ ನಡೆಯಿತು. ತೋಟದ ತಲೆಯಲ್ಲಿದ್ದ ಬನದ ಚೌಡಿ ಮಾತ್ರ ಬರಲಿಲ್ಲ. ಆಕೆಗೆ ವಿಗ್ರಹವಿರಲಿಲ್ಲ, ಗುಡಿಯಿರಲಿಲ್ಲ. ಹಲಸಿನ ಮರದ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು, ಸುತ್ತ ಯಾರೂ ಕತ್ತಿ ತಾಗಿಸದ ನಾಲ್ಕಾರು ಮರಗಳು, ಆಕೆಯೆಂದರೆ ಅಷ್ಟೇ. ಕಲ್ಲನ್ನು ಕಿತ್ತು ತರಬಹುದೇ ಎಂದು ಹಿರಿಯರು ಹೂವಿಟ್ಟು ಅಪ್ಪಣೆ ಕೇಳಿದ್ದರಂತೆ, ಅಪ್ಪಣೆ ಆಗಲಿಲ್ಲವಂತೆ.

ನಾನು ಚಿಕ್ಕವಳಿದ್ದಾಗ ರಜೆಗೆ ಹೋದರೆ, ಸಂಜೆ ದೇವರ ಮುಂದೆ ದೀಪ ಹಚ್ಚಿದ ಬಳಿಕ ಅಜ್ಜಿ ಹಿತ್ತಲ ಬಾಗಿಲಿಗೆ ಬಂದು ಪಶ್ಚಿಮಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ಪಕ್ಕದವರ ಹುಲ್ಲಿನ ಬಣವೆ, ಅದರಾಚೆ ನಾಲೆಯ ಏರಿ. ಏನು ಕೇಳಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. “ಕೇಳೋದೆಂತದು? ಇದ್ದಾಳೋ ಇಲ್ವೋ ಅಂತ ನೋಡ್ತಿರ್ತೀನಿ” ಎಂದಿದ್ದರು. ಆ ಉತ್ತರ ಆಗ ನನಗೆ ಅರ್ಥವಾಗಿರಲಿಲ್ಲ. ಮನೆಯೊಳಗೆ ಇಷ್ಟೊಂದು ದೇವರುಗಳು ಅಭಿಷೇಕ ಮಾಡಿಸಿಕೊಂಡು ಕುಳಿತಿರುವಾಗ ನೀರಿನಡಿ ಹೋದ ಒಂದು ಕಲ್ಲಿಗಾಗಿ ಯಾಕಿಷ್ಟು ಎಂದು ಅನ್ನಿಸಿತ್ತು.

ಮಳೆ ಕಡಿಮೆಯಾದ ಒಂದು ವರ್ಷ, ಬೇಸಿಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿದು ಮಡೆನೂರಿನ ಹಳೆಯ ಅಣೆಕಟ್ಟೂ ಮೇಲೆದ್ದು ಕಾಣುತ್ತಿದೆ ಎಂಬ ಸುದ್ದಿ ಬಂದಾಗ, ಸೋದರಮಾವ ಅಜ್ಜಿಯನ್ನು ಹಳೆಯ ಊರಿನ ಕಡೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಒಣಗಿ ಬಿರುಕುಬಿಟ್ಟ ಕೆಸರಿನಲ್ಲಿ ಕಪ್ಪು ಮರದ ಬೊಡ್ಡೆಗಳು ಸಾಲಾಗಿ ನಿಂತಿದ್ದವು. ಬಾವಿಯ ಕಟ್ಟೆಯಂಥದ್ದೊಂದು ಕಂಡಿತು, ಅದು ನಮ್ಮದೋ ಪಕ್ಕದವರದ್ದೋ ತಿಳಿಯಲಿಲ್ಲ. ಮಾವ ಒಂದು ಬೊಡ್ಡೆಯನ್ನು ತೋರಿಸಿ ಬನ ಇಲ್ಲೇ ಇತ್ತು ಎಂದರು. ಅಜ್ಜಿ “ಅಲ್ಲಲ್ಲ, ಹಲಸಿನ ಮರ ಇನ್ನೂ ಆಚೆಗಿತ್ತು, ನಿಂಗೆಂತ ಗೊತ್ತು ಆಗ ನೀನು ಇಷ್ಟುದ್ದ ಇದ್ದೆ” ಎಂದು ವಾದಿಸಿದರು. ತಾಯಿಮಗನ ನಡುವೆ ಬಿಸಿಲಿನಲ್ಲೇ ಸಾಕಷ್ಟು ಚರ್ಚೆಯಾಯಿತು. ಕೊನೆಗೆ ಅಜ್ಜಿ ಮಗ ತೋರಿಸಿದ ಜಾಗಕ್ಕೂ ತಾವು ಹೇಳಿದ ಜಾಗಕ್ಕೂ ಒಂದೊಂದು ನಮಸ್ಕಾರ ಹಾಕಿ, ಸೆರಗಿನ ಗಂಟಿನಲ್ಲಿ ತಂದಿದ್ದ ಕುಂಕುಮವನ್ನು ಎರಡೂ ಕಡೆ ಚೆಲ್ಲಿ ಬಂದರು. ಜಾಗ ಖಚಿತವಾಗಲಿಲ್ಲ ಎಂಬ ಬೇಸರ ಅವರಲ್ಲಿ ನನಗೆ ಕಾಣಲಿಲ್ಲ. ಹಿಂದಿರುಗಿದ ಮೇಲೂ ಸಂಜೆ ಹಿತ್ತಲ ಬಾಗಿಲಿಗೆ ಬಂದು ನಿಲ್ಲುವುದನ್ನು ಅವರು ಬಿಡಲಿಲ್ಲ.

ಅಜ್ಜಿಯ ಆ ನಿಲುವು ನನಗೆ ಅರ್ಥವಾಗಲು ನಮ್ಮ ಮನೆಯವರಿಗೆ ಜ್ವರ ಬರಬೇಕಾಯಿತು.

ಮಂಗನ ಕಾಯಿಲೆ ಎಂದರೆ ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದರ ಹಿಂದೆಯೇ ಮನುಷ್ಯರಿಗೂ ಜ್ವರ ಹರಡಿದಾಗ ಪತ್ತೆಯಾದ ವೈರಸ್ಸಿನ ಕಾಯಿಲೆ ಇದು. ಆ ಕಾಡಿನ ಹೆಸರಿನಿಂದಲೇ ಜಗತ್ತಿನ ವೈದ್ಯರೆಲ್ಲ ಇದನ್ನು ಗುರುತಿಸುತ್ತಾರೆ. ಹರಡುವುದು ಕಾಡಿನ ಉಣುಗಿನಿಂದ. ಮಳೆ ನಿಂತು ಎಲೆ ಉದುರತೊಡಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಂಚಿನ ಊರುಗಳಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಬರುವ ಅನುಮಾನ ಇದರದ್ದೇ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಎಷ್ಟು ಮನೆಗಳನ್ನು ಅಲ್ಲಾಡಿಸಿತು ಎಂಬುದು ಇಲ್ಲಿಯವರಿಗೆ ಮರೆಯುವ ಸಂಗತಿಯಲ್ಲ. ನೇರವಾಗಿ ಇದಕ್ಕೆಂದೇ ಇರುವ ಔಷಧವಿಲ್ಲ; ಜ್ವರ ಇಳಿಸುವುದು, ನೀರಿನಂಶ ಕಾಯ್ದುಕೊಳ್ಳುವುದು, ರಕ್ತಸ್ರಾವ ಆಗದಂತೆ ನೋಡುವುದು, ಮಿಕ್ಕದ್ದನ್ನು ಕಾಯುವುದು. ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ನಮ್ಮವರು ತೋಟಕ್ಕೆ ಹಾಕಲೆಂದು ಆಳುಗಳ ಜೊತೆ ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸಲು ಹೋಗಿ ಬಂದವರು ಕೆಲವು ದಿನಗಳ ಬಳಿಕ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ಏಳಲಾರದೆ ಹೋದರು. ಕಣ್ಣು ಕೆಂಪಾಗಿ, ತಲೆ ಸಿಡಿಯುತ್ತದೆ ಎಂದು ಎರಡೂ ಕೈಯಲ್ಲಿ ಅದುಮಿ ಹಿಡಿದು ಕುಳಿತಿದ್ದ ಆ ರೂಪ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಕ್ತಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಪ್ಲೇಟ್‌ಲೆಟ್ ಇಳಿಯತೊಡಗಿತ್ತು. ಆಗುಂಬೆ ಘಾಟಿ ಇಳಿದು ಕರಾವಳಿಯ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿನ ಪಡಸಾಲೆಯಲ್ಲಿ ಕುಳಿತು ನಾನು ಮಾಡಿದ್ದು ನಮ್ಮೂರಿನ ಯಾವ ಹೆಂಗಸಾದರೂ ಮಾಡುವಂಥದ್ದೇ. ತೀರ್ಥಹಳ್ಳಿಯ ರಾಮೇಶ್ವರನಿಗೆ ರುದ್ರಾಭಿಷೇಕ, ಹುಂಚದ ಪದ್ಮಾವತಿ ಅಮ್ಮನಿಗೆ ಸೀರೆ, ಸಿಗಂದೂರಿಗೆ ಇಬ್ಬರೂ ಒಟ್ಟಿಗೆ ಬಂದು ಹೋಗುವುದು, ಚಂದ್ರಗುತ್ತಿಯ ರೇಣುಕಾಂಬೆಗೆ ಉಡಿ ತುಂಬುವುದು: ನೆನಪಿಗೆ ಬಂದ ದೇವರಿಗೆಲ್ಲ ಏನಾದರೊಂದನ್ನು ಹೇಳಿಕೊಂಡೆ. ಮನೆಯಲ್ಲಿದ್ದ ಅತ್ತೆ ತಮ್ಮ ಪಾಲಿನದ್ದನ್ನು ಬೇರೆಯೇ ಹೊತ್ತಿದ್ದರು. ಆ ಹೊತ್ತಿನಲ್ಲಿ ದೇವರ ಸಾನ್ನಿಧ್ಯ ಬೇಕೆಂಬ ಹಂಬಲವೇನೂ ನನ್ನಲ್ಲಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿಯೇ ಹೇಳಬೇಕು. ನನಗೆ ಬೇಕಾಗಿದ್ದದ್ದು ಗಂಡ. ಅವರನ್ನು ಉಳಿಸಿಕೊಡಬಲ್ಲವರು ಯಾರೇ ಇದ್ದರೂ ಅವರ ಬಾಗಿಲಲ್ಲಿ ನಿಲ್ಲಲು ಸಿದ್ಧಳಿದ್ದೆ. ಭಗವದ್ಗೀತೆಯಲ್ಲಿ ಕೃಷ್ಣ ತನ್ನನ್ನು ಭಜಿಸುವ ನಾಲ್ಕು ಬಗೆಯ ಜನರನ್ನು ಹೇಳುವಾಗ ಆರ್ತನನ್ನೇ, ಅಂದರೆ ಸಂಕಟದಲ್ಲಿ ಬಿದ್ದು ಕೂಗುವವನನ್ನೇ, ಮೊದಲು ಹೆಸರಿಸುತ್ತಾನೆ. ಜ್ಞಾನಿ ತನಗೆ ಹೆಚ್ಚು ಪ್ರಿಯ ಎಂದು ಮುಂದೆ ಹೇಳಿದರೂ ನಾಲ್ವರೂ ಉದಾರರೇ ಎಂದು ಸೇರಿಸುತ್ತಾನೆ. ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತವರಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಬೇಕಿಲ್ಲ.

ಜ್ವರ ಇಳಿಯಿತು, ಮನೆಗೆ ಕಳಿಸಿದರು. ಆದರೆ ಕಳಿಸುವಾಗ ವೈದ್ಯರು ಹೇಳಿದ ಮಾತು ನಮ್ಮನ್ನು ಬಿಟ್ಟು ಹೋಗಲಿಲ್ಲ. ಈ ಕಾಯಿಲೆಗೆ ಒಂದು ವಿಚಿತ್ರ ಸ್ವಭಾವವಿದೆ: ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಮನುಷ್ಯ ಗುಣವಾದಂತೆಯೇ ಇದ್ದು, ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಮತ್ತೆ ಮರಳುತ್ತದೆ, ಮರಳಿದಾಗ ಮಿದುಳು ನರಗಳ ಮೇಲೆ ಕೈಯಿಡುತ್ತದೆ. ಮರಳುತ್ತದೆಯೇ ಇಲ್ಲವೇ ಎಂದು ಮೊದಲೇ ಹೇಳುವುದು ಸಾಧ್ಯವಿಲ್ಲ, ಕಾದು ನೋಡಿ ಎಂದರು.

ನಾನು ಬರೆಯಲು ಕುಳಿತದ್ದು ನಿಜವಾಗಿ ಆ ನಡುವಿನ ದಿನಗಳ ಬಗ್ಗೆಯೇ. ಹೊರಗಿನಿಂದ ನೋಡಿದವರಿಗೆ ಅದು ನೆಮ್ಮದಿಯ ಕಾಲ: ನೆಂಟರು ಎಳನೀರು, ಮೂಸಂಬಿ ತಂದು ಮಾತಾಡಿಸಿ ಹೋಗುತ್ತಿದ್ದರು, ಇವರು ಜಗಲಿಯಲ್ಲಿ ಕುಳಿತು ಅಂಗಳದ ಅಡಕೆ ಹರಡಿದವರಿಗೆ ಸೂಚನೆ ಕೊಡುತ್ತಿದ್ದರು. ಆದರೆ ನನ್ನ ಕೈ ದಿನಕ್ಕೆ ಹತ್ತಾರು ಬಾರಿ ಅವರ ಹಣೆಯ ಮೇಲಿರುತ್ತಿತ್ತು. ಚಮಚ ಹಿಡಿದ ಬೆರಳು ನಡುಗಿತೇ, ಮಾತು ತಡವರಿಸಿತೇ, ನಿನ್ನೆ ಹೇಳಿದ್ದು ಇಂದು ಮರೆತರೇ ಎಂದು ಗಮನಿಸುತ್ತಲೇ ಇರುತ್ತಿದ್ದೆ; ಅವರಿಗೆ ಅದು ಗೊತ್ತಾಗಿ ರೇಗುತ್ತಿದ್ದರು. ರಾತ್ರಿ ಅವರು ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು, ಹಾಗೆ ಎಚ್ಚರವಾದ ಮೇಲೆ ಮತ್ತೆ ನಿದ್ದೆಯೆಂಬುದಿಲ್ಲ.

ಅಂಥ ರಾತ್ರಿಗಳಲ್ಲಿ ಎದ್ದು ದೇವರ ಮನೆಯಲ್ಲಿ ಹೋಗಿ ಕೂರುತ್ತಿದ್ದೆ. ದೀಪ ಹಚ್ಚುವ ಹೊತ್ತಲ್ಲ, ಸ್ನಾನವಾಗಿಲ್ಲ, ಮಂತ್ರ ಹೇಳುವಷ್ಟು ಮನಸ್ಸು ನಿಲ್ಲುತ್ತಿರಲಿಲ್ಲ. ಹೊಸದಾಗಿ ಹರಕೆ ಹೊರೋಣವೆಂದರೆ ಹೊರಲು ಉಳಿದದ್ದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಎಲ್ಲ ದೇವರಿಗೂ ಒಮ್ಮೆ ಹೇಳಿಯಾಗಿತ್ತು, ಅದನ್ನೇ ಮತ್ತೆ ಹೇಳುವುದು ಕೇಳಿಸಿಕೊಂಡವರನ್ನು ಅನುಮಾನಿಸಿದಂತೆ. ಆದ್ದರಿಂದ ಸುಮ್ಮನೆ ಕೂರುತ್ತಿದ್ದೆ. ಮಣೆಯ ಮೇಲೆ ಬೆಳಗಿನ ದಾಸವಾಳ ಬಾಡಿರುತ್ತಿತ್ತು, ಗಂಧದ ಕೊರಡಿನ ವಾಸನೆ ಇರುತ್ತಿತ್ತು, ಆಚೆ ಕೋಣೆಯಿಂದ ಅವರ ಉಸಿರು ಕೇಳುತ್ತಿತ್ತು. ಹಾಗೆ ಕುಳಿತ ಯಾವುದೋ ಒಂದು ರಾತ್ರಿ, ನಾನು ಇಲ್ಲಿಗೆ ಬರುತ್ತಿರುವುದು ಇನ್ನು ಏನನ್ನೂ ಪಡೆಯುವುದಕ್ಕಲ್ಲ, ಬರಬೇಕು ಅನ್ನಿಸುವುದರಿಂದ ಬರುತ್ತಿದ್ದೇನೆ ಎಂಬುದು ಹೊಳೆಯಿತು. ಹಗಲಿನಲ್ಲೂ, ಸೌಟು ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತಾಗಲೂ, ಆ ಕೋಣೆಯ ಕಡೆ ಮನಸ್ಸು ಎಳೆಯುತ್ತಿತ್ತು. ತವರಿಗೆ ಹೋಗಬೇಕು ಅನ್ನಿಸಿದಾಗ ಆಗುವಂಥದ್ದೇ ಎಳೆತ.

ಬೆಳಕು ಕಂಡಿತು, ದನಿ ಕೇಳಿತು ಎಂದೇನೂ ನಾನು ಹೇಳಲಾರೆ. ಭಯ ಹೋಯಿತು ಎಂದೂ ಹೇಳಲಾರೆ, ಏಕೆಂದರೆ ಅದು ಹೋಗಲಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿ ಅನುಭವಿಸುತ್ತಿದ್ದ ಭಯವನ್ನು ನಾನೊಬ್ಬಳೇ ಹೊತ್ತಿರುತ್ತಿದ್ದೆ; ಅಲ್ಲಿ ಕುಳಿತಾಗ ಅದನ್ನು ಬಲ್ಲ ಇನ್ನೊಬ್ಬರು ಜೊತೆಗಿದ್ದರು. ಇದು ನನ್ನ ಮನಸ್ಸಿನ ಆಟವಿರಬಹುದು ಎಂದು ವಾದಿಸುವವರ ಜೊತೆ ವಾದಕ್ಕೆ ಇಳಿಯುವ ಉತ್ಸಾಹ ನನಗಿಲ್ಲ. ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದ ಅಜ್ಜಿಯೂ ಯಾರ ಜೊತೆಗೂ ವಾದಿಸಿದವರಲ್ಲ, ಹಲಸಿನ ಮರದ ಜಾಗದ ವಿಷಯವೊಂದನ್ನು ಬಿಟ್ಟು.

ಸಂಕಟ ಮತ್ತು ಸಾನ್ನಿಧ್ಯದ ಮಾತು ಬಂದಾಗ ಹರಿಕಥೆ ಪ್ರವಚನಗಳಲ್ಲಿ ಕುಂತಿಯ ಪ್ರಾರ್ಥನೆಯನ್ನು ಎತ್ತಿಕೊಳ್ಳುವುದು ವಾಡಿಕೆ. ಯುದ್ಧವೆಲ್ಲ ಮುಗಿದು ಕೃಷ್ಣ ದ್ವಾರಕೆಗೆ ಹೊರಟು ನಿಂತಾಗ, ನಮಗೆ ವಿಪತ್ತುಗಳು ಮತ್ತೆ ಮತ್ತೆ ಬರಲಿ, ಬಂದಾಗಲೆಲ್ಲ ನಿನ್ನ ದರ್ಶನವಾಗುತ್ತದಲ್ಲ ಎಂದು ಆಕೆ ಬೇಡಿಕೊಂಡಳು ಎಂದು ಭಾಗವತದ ಮೊದಲ ಸ್ಕಂಧದಲ್ಲಿದೆ. ನನಗೆ ಈ ಮಾತು ಹಿಂದೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಈಗಲೂ ದೊಡ್ಡದೇ, ಆದರೆ ನಾನು ಅದನ್ನು ಹೇಳಲಾರೆ, ಬೇರೆಯವರಿಗೆ ಹೇಳಿ ಎನ್ನಲೂ ಆರೆ. ಅರಗಿನ ಮನೆ, ವನವಾಸ, ಮೊಮ್ಮಕ್ಕಳ ಸಾವುಗಳನ್ನೆಲ್ಲ ದಾಟಿ ಬಂದ ಮುದುಕಿಯೊಬ್ಬಳು ತನ್ನ ಬಾಳನ್ನು ತಿರುಗಿ ನೋಡಿ ಆಡಿದ ಮಾತು ಅದು. ಸಂಕಟದ ನಡುವೆ ಇರುವವರಿಗೆ ಉಪದೇಶವಾಗಿ ಕೊಡಬಹುದಾದ ಮಾತಲ್ಲ. ಪ್ರವಚನಕಾರರು ಈ ವ್ಯತ್ಯಾಸವನ್ನು ಗಮನಿಸಿದರೆ ಒಳ್ಳೆಯದಿತ್ತು. ಸಾನ್ನಿಧ್ಯ ಸಿಕ್ಕಿತೆಂಬ ಕಾರಣಕ್ಕೆ ಜ್ವರವನ್ನು ಮತ್ತೆ ಕರೆಯುವವಳು ನಾನಲ್ಲ.

ನನಗೆ ಹೆಚ್ಚು ಹತ್ತಿರವಾದವಳು ನಮ್ಮದೇ ಜಿಲ್ಲೆಯ ಹೆಣ್ಣುಮಗಳು, ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ. ಹನ್ನೆರಡನೆಯ ಶತಮಾನದಲ್ಲಿ ಅರಮನೆಯ ಬಾಳನ್ನು ಧಿಕ್ಕರಿಸಿ, ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಶ್ರೀಶೈಲದ ಕಾಡಿಗೆ ನಡೆದವಳು. ಗಿಳಿ, ಕೋಗಿಲೆ, ದುಂಬಿ, ಹಂಸೆ, ನವಿಲುಗಳನ್ನೆಲ್ಲ ನನ್ನ ಚೆನ್ನಮಲ್ಲಿಕಾರ್ಜುನ ಎಲ್ಲಿದ್ದಾನೆಂದು ಬಲ್ಲಿರಾ ಎಂದು ಕೇಳುತ್ತ ಅಲೆಯುವ ಆಕೆಯ ಹಂಬಲವನ್ನು ಶಾಲೆಯ ಪಾಠದಲ್ಲೇ ಎಲ್ಲರೂ ಓದಿದ್ದೇವೆ. ನಡುರಾತ್ರಿ ಕುಳಿತ ಆ ದಿನಗಳಲ್ಲಿ ನನಗೆ ನೆನಪಾಗುತ್ತಿದ್ದದ್ದು ಇನ್ನೊಂದು ವಚನ: ಹಸಿವಿಗೆ ಊರ ಭಿಕ್ಷೆಯಿದೆ, ಬಾಯಾರಿಕೆಗೆ ಕೆರೆ ಬಾವಿಗಳಿವೆ, ಮಲಗಲು ಹಾಳು ದೇಗುಲಗಳಿವೆ, ಆತ್ಮದ ಸಂಗಾತಕ್ಕೆ ನೀನಿದ್ದೀಯೆ ಎಂದು ಆಕೆ ಹೇಳುವಂಥದ್ದು. ಅಲ್ಲಿ ಗಮನಿಸಬೇಕಾದದ್ದು ದೇವರನ್ನು ಆಕೆ ಯಾವ ಸಾಲಿನಲ್ಲಿ ಇಟ್ಟಿದ್ದಾಳೆ ಎಂಬುದನ್ನು. ಅನ್ನ ಕೊಡು, ನೀರು ಕೊಡು, ಮಾಡು ಕೊಡು ಎಂದು ಕೇಳುತ್ತಿಲ್ಲ. ಅವೆಲ್ಲ ಲೋಕದಲ್ಲಿ ಹೇಗೋ ಸಿಗುತ್ತವೆ. ದೇವಸ್ಥಾನವೇ ಹಾಳುಬಿದ್ದಿದ್ದರೂ ಆಕೆಗೆ ತೊಂದರೆಯಿಲ್ಲ, ಅದು ಮಲಗುವುದಕ್ಕೆ ಸಾಕು. ಆಕೆಗೆ ಅವನಿಂದ ಬೇಕಾದದ್ದು ಸಂಗಾತ ಒಂದೇ. ಉಡುತಡಿಗೆ ಹೋದಾಗಲೆಲ್ಲ, ಅಷ್ಟು ಚಿಕ್ಕ ವಯಸ್ಸಿನಲ್ಲಿ ಮನೆಬಿಟ್ಟು ಹೊರಟ ಹುಡುಗಿಗೆ ದಾರಿಯಲ್ಲಿ ಭಯವಾಗಿರಲಿಲ್ಲವೇ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಆಗಿರಲೇಬೇಕು, ಭಯವಿಲ್ಲದವರಿಗೆ ಸಂಗಾತದ ಅಗತ್ಯವೇನು?

ನಮ್ಮವರಿಗೆ ಜ್ವರ ಮರಳಿತು. ಹರಕೆಗಳೆಲ್ಲ ಇದ್ದೂ ಮರಳಿತು. ತಲೆನೋವಿನ ಜೊತೆ ಕೈ ನಡುಗತೊಡಗಿತು, ಒಂದು ದಿನ ಮಗಳ ಹೆಸರು ತಕ್ಷಣಕ್ಕೆ ಬಾಯಿಗೆ ಬರಲಿಲ್ಲ. ಮತ್ತೆ ಅದೇ ಘಾಟಿ, ಅದೇ ಪಡಸಾಲೆ. ಎರಡನೆಯ ಸಲ ನಾನು ಹೊಸ ಹರಕೆ ಹೊರಲಿಲ್ಲ. ಬೇಸತ್ತು ಬಿಟ್ಟದ್ದಲ್ಲ, ಮನೆಯ ಆ ಕೋಣೆಯಲ್ಲಿ ಜೊತೆಗಿದ್ದವರು ಇಲ್ಲಿಯೂ ಇದ್ದಾರೆಂಬ ನಂಬಿಕೆಯ ಮೇಲೆ ಕುಳಿತಿದ್ದೆ, ಅಷ್ಟೇ. ಕೆಲವು ಹೊತ್ತು ಆ ನಂಬಿಕೆ ಗಟ್ಟಿಯಾಗಿತ್ತು, ಕೆಲವು ಹೊತ್ತು ಏನೂ ಇರಲಿಲ್ಲ, ಬರೇ ಫಿನಾಯಿಲಿನ ವಾಸನೆ ಮತ್ತು ಗೋಡೆಯ ಗಡಿಯಾರ. ಅವರು ಗುಣವಾದರು. ಪೂರ್ತಿ ಕಸುವು ಬರಲು ಮುಂದಿನ ಮಳೆಗಾಲವೇ ಬರಬೇಕಾಯಿತು.

ಗುಣವಾದ್ದರಿಂದ ಇದನ್ನೆಲ್ಲ ಬರೆಯುತ್ತಿದ್ದೀಯೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ನನ್ನ ಬಳಿ ಬಲವಾದ ಉತ್ತರವಿಲ್ಲ. ಆದರೆ ನಮ್ಮ ಆಚೆ ಕೇರಿಯಲ್ಲಿ ಅದೇ ಕಾಯಿಲೆಗೆ ಬೆಳೆದ ಮಗನನ್ನು ಕಳೆದುಕೊಂಡ ಹೆಂಗಸೊಬ್ಬರಿದ್ದಾರೆ. ವರ್ಷವೆಲ್ಲ ಅವರು ಯಾವ ದೇವಸ್ಥಾನದ ಮೆಟ್ಟಿಲನ್ನೂ ಹತ್ತಲಿಲ್ಲ, ಮನೆಯಲ್ಲಿ ದೀಪ ಹಚ್ಚುವುದನ್ನು ಸೊಸೆಗೆ ಬಿಟ್ಟರು. ಆಮೇಲೊಂದು ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಸಿಕ್ಕಿದರು. ಜಾತ್ರೆಯ ನೂಕುನುಗ್ಗಲಿನ ನಡುವೆ ಸ್ನಾನ ಮುಗಿಸಿ ಒದ್ದೆ ಸೆರಗು ಹಿಂಡುತ್ತಿದ್ದರು. ನಾನು ಏನು ಮಾತಾಡಬೇಕೆಂದು ತಿಳಿಯದೆ ನಿಂತಾಗ ಅವರೇ, “ಬೈಯೋಕಾದ್ರೂ ಒಬ್ರು ಬೇಕಲ್ಲಮ್ಮ, ಅದ್ಕೇ ಬಂದೆ” ಎಂದರು. ಆಶ್ರಯವೆಂದರೆ ಏನೆಂದು ನಾನು ಓದಿದ್ದರಲ್ಲಿ, ಕೇಳಿದ್ದರಲ್ಲಿ ಎಲ್ಲಿಯೂ ಆ ಮಾತಿನ ಭಾರ ನನಗೆ ಸಿಕ್ಕಿಲ್ಲ. ಅವರ ಸಿಟ್ಟು ಹೋಗಿರಲಿಲ್ಲ, ಹೋಗಬೇಕೆಂದೂ ನನಗನ್ನಿಸಲಿಲ್ಲ. ಇಬ್ಬರೂ ಒಟ್ಟಿಗೆ ರಾಮೇಶ್ವರನ ಗುಡಿಗೆ ಹೋದೆವು. ಅವರು ಒಳಗೆ ಬಹಳ ಹೊತ್ತು ನಿಂತಿದ್ದರು.

ಹೊತ್ತ ಹರಕೆಗಳನ್ನೆಲ್ಲ ನಾವು ಒಂದೊಂದಾಗಿ ತೀರಿಸಿದೆವು. ಈ ವಿಷಯದಲ್ಲಿ ನನಗಿಂತ ನಮ್ಮವರೇ ಕಟ್ಟುನಿಟ್ಟು. ದೇವರ ಮನೆಯಲ್ಲಿ ಕೂರುವುದಕ್ಕೆ ಅವರಿಗೆ ಪುರಸೊತ್ತಿಲ್ಲ, ಆದರೆ ಸಾಲ ಇಟ್ಟುಕೊಳ್ಳಬಾರದು ಎಂಬುದು ಅವರ ಧರ್ಮ. ಮಳೆ ನಿಂತ ಮೇಲೆ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು ಹೋಗುತ್ತಾರೆ. ಬೆಟ್ಟದ ಕಡೆ ಹೊರಟವರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ, ಕಾಲಿಗೂ ಕೈಗೂ ಕುತ್ತಿಗೆಯ ಹಿಂದಕ್ಕೂ ನಾನೇ ಆ ಎಣ್ಣೆ ಹಚ್ಚುತ್ತೇನೆ. ಹಚ್ಚುವಾಗ ಬಾಯಲ್ಲಿ ಚೌಡಮ್ಮನ ಹೆಸರು ಬರುತ್ತದೆ. “ಎಣ್ಣೆ ನಂಬ್ತೀಯೋ ಅವಳನ್ನ ನಂಬ್ತೀಯೋ, ಒಂದು ಹೇಳು ಮಾರಾಯ್ತಿ” ಎಂದು ಅವರು ಪ್ರತಿ ಸಲ ಕೇಳುತ್ತಾರೆ. “ಕುತ್ತಿಗೆ ತಿರುಗಿಸಿ, ಆ ಕಡೆ ಹಚ್ಚಿಲ್ಲ” ಎಂದು ನಾನು ಹೇಳುತ್ತೇನೆ.